ಕಲ್ಲೂರು ತನಕ ಒತ್ತಿದ ಉಸಿರು

ಹನ್ನೊಂದನೇ ದಿನದ ಕಾರ್ಯ ಮುಗಿಸಿ ಕಲ್ಲೂರಿಂದ ರಾಯಚೂರಿಗೆ ಹೊಳ್ಳಿ ಬಂದ ಮರುದಿನ ಮುಂಜಾನಿ, ನಮ್ಮತ್ತಿ ಗೋಪಮ್ಮ ತಾಟಿನ ಮುಂದ ಕುಂತು, ರೊಟ್ಟಿ ಯಾರು ಬಡಿದಾರ ಅಂತ ಕೇಳಿದ್ಲು.

"ಅಕ್ಕ ಬಡಿದಾಳ," ಅಂದೆ.

"ಹಂಗಿದ್ರ ನನಗ ಬ್ಯಾಡ." ತಾಟು ದೂಡಿದ್ಲು. "ನನ್ನ ಮಗನ ಉಸಿರು ನಿಲ್ಲಿಸಿದ ಕೈ ಅದು. ಆ ಕೈಲೆ ಬಡಿದ ರೊಟ್ಟಿ ನನ್ನ ಗಂಟಲಾಗ ಇಳಿಯಂಗಿಲ್ಲ."

ಅಕ್ಕ ಒಲಿ ಮುಂದ ಇದ್ಲು. ಹಂಚಿನ ಮ್ಯಾಲಿದ್ದ ರೊಟ್ಟಿ ಹೊಳ್ಳಿಸಿ ಹಾಕಿದ್ಲು, ಅಷ್ಟ.

ಅಕ್ಕ ಅಂದ್ರ ನನ್ನ ನೆಗೆಣ್ಣಿ ಮೌನೇಶ್ವರಿ, ನಮ್ಮ ಭಾವ ಕಿರಣಕುಮಾರ ಅವ್ರ ಹೆಂಡ್ತಿ. ರಾಯಚೂರಾಗ ಒಂದು ಖಾಸಗಿ ದವಾಖಾನ್ಯಾಗ ಐಸಿಯು ನರ್ಸ್. ಭಾವ ದೇವದುರ್ಗದಾಗ ಸಾಲಿ ಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರ್ತಾರ. ಮಾವ ತಾಯಣ್ಣ ಗಂಜ್ ಮಾರುಕಟ್ಟ್ಯಾಗ ಮೂವತ್ತು ವರ್ಷ ಹತ್ತಿ ಅಂಡಿಗಿ ಹೊತ್ತು, ಈಗ ಬೆನ್ನು ಹಿಡಕೊಂಡು ಮನ್ಯಾಗ ಅದಾನ. ನಾನು ಮೇಘಾ, ಯರಗೇರಾ ಯುನಿವರ್ಸಿಟಿ ಕ್ಯಾಂಪಸ್ಸಿನ ಲೈಬ್ರರ್ಯಾಗ ಗುತ್ತಿಗಿ ನೌಕರಿ. ಸತ್ತವ ವಿನೋದ, ನನ್ನ ಗಂಡ. ಗಂಡನ ಹೆಸರು ಹಿಡಿದು ಕರೀತಾಳ ಅಂತ ನಮ್ಮತ್ತಿ ಮೊದಲೂ ಬೈತಿದ್ಲು, ಈಗೂ ಬೈತಾಳ. ಬೈಲಿ. ಮೂರು ವರ್ಷ ವಿನೋದಾ ಅಂತ ಕರದು ಉಣ್ಣಾಕ ನೀಡೀನಿ. ಈಗ ಅವರು ಇವರು ಅಂದ್ರ ಯಾರೋ ಬ್ಯಾರೆ ಮನುಷ್ಯನ ಸುದ್ದಿ ಹೇಳಿದಂಗ ಆಗ್ತದ.

ನಾ ಸುಮ್ನಿರೋ ಪೈಕಿ ಅಲ್ಲ. "ಅತ್ತೀ, ದವಾಖಾನ್ಯಾಗ ಕಾಗದಕ್ಕ ಸಹಿ ಮಾಡಿದಾಕಿ ನಾನು," ಅಂದೆ. "ನಿನ್ನೆ ಸಂಜಿ ಪುಂಡಿಪಲ್ಯ ಮಾಡಿದಾಕೀನೂ ನಾನು. ಅದು ಹೆಂಗ ಇಳೀತು ಗಂಟಲಾಗ?"

"ನಿನಗೇನ ಗೊತ್ತು ಬೇ? ಆಕಿ ಹೇಳಿದ್ಲು, ನೀ ಬರದಿ. ತಿಳಿದಾಕಿ ಆಕಿ."

"ತಿಳಿದಾಕಿ ಅಂತ ನೀವೇ ಅಂತೀರಿ. ತಿಳಿದಾಕಿ ಸತ್ತಾನ ಅಂದ್ರ ನಂಬಂಗಿಲ್ಲ."

"ಬಾಯಿ ತೆರದಾ! ಉಸಿರು ತಗೊಂಡಾ! ಇಡೀ ಊರು ನೋಡ್ಯದ. ಒತ್ತು ಅಂತ ಬಡಕೊಂಡೆ ನಾನು, ಒತ್ತಿದ್ಲೇನು ಕೇಳು."

ಮಾವ ಗೋಡಿಗೆ ಒರಗಿದಲ್ಲೇ, "ಮುಂಜಾನಿ ಮುಂಜಾನಿ ಏನದು? ಉಣ್ಣಂಗಿದ್ರ ಉಣ್ಣು, ಇಲ್ಲಂದ್ರ ಏಳು," ಅಂದ. ಅತ್ತಿ ಎದ್ದು ಹೋದ್ಲು. ಅವತ್ತಿಂದ ಆಕಿ ತನ್ನ ರೊಟ್ಟಿ ತಾನೇ ಬಡಿಯಾಕ ಹತ್ತಿದ್ಲು. ಕೈ ನಡಗ್ತದ, ರೊಟ್ಟಿ ಹರೀತಾವ, ಅರ್ಧ ಸುಡ್ತಾವ. ಅವನ್ನೇ ತಿಂತಾಳ. ನಮ್ಮ ಮನ್ಯಾಗ ಹಟಕ್ಕೇನೂ ಬರಗಾಲ ಇಲ್ಲ.

ಏನಾಗಿತ್ತು ಅಂತ ಮೊದಲಿಂದ ಹೇಳಬೇಕು. ವಿನೋದ ಮಾನ್ವಿಯೊಳಗ ಜಮೀರ್ ಭಾಯಿ ಅಂಗಡ್ಯಾಗ ಮೋಟರ್ ವೈಂಡಿಂಗ್ ಮಾಡ್ತಿದ್ದ. ಬೈಕಿನ ಮ್ಯಾಲ ಹೋಗಿ ಬರೋ ಕೆಲಸ. ಹೆಲ್ಮೆಟ್ ಹ್ಯಾಂಡಲಿಗೆ ತೂಗಹಾಕ್ಕೊಂಡು ಹೊಡೀತಿದ್ದ, ಪೊಲೀಸರು ಕಂಡ್ರ ತಲಿಗೆ ಇಟ್ಕೋತಿದ್ದ. ಅವತ್ತೂ ಹಂಗೇ ಬರೂವಾಗ ಟ್ರ್ಯಾಕ್ಟರಿಗೆ ಬಡಿದ, ತಲಿಗೆ ಪೆಟ್ಟು ಬಿತ್ತು. ಜಮೀರ್ ಭಾಯೀನೇ ಗಾಡಿ ಮಾಡಿ ರಾಯಚೂರಿಗೆ ತಂದ. ಅಕ್ಕನ ದವಾಖಾನಿ, ಅಕ್ಕನ ಐಸಿಯು. ತಮ್ಮ ಮನಿ ಪೇಶಂಟನ್ನ ತಾವು ನೋಡಬಾರದು ಅಂತ ಅಲ್ಲಿ ಒಬ್ಬರು ಅಂದ್ರಂತ. ಆದ್ರ ಆ ಪಾಳ್ಯಾಗ ಇದ್ದ ನರ್ಸುಗಳೇ ಮೂರು ಮಂದಿ, ಬ್ಯಾರೆ ಯಾರು ನೋಡಬೇಕು?

ಬಾಗಲಕ್ಕ ಒಂದು ಗಾಜಿನ ಕಿಟಕಿ ಇತ್ತು. ಅತ್ತಿ ಒಂದೀಟು ಹೊತ್ತು, ನಾ ಒಂದೀಟು ಹೊತ್ತು ಅಲ್ಲಿ ನಿಂದರ್ತಿದ್ದಿವಿ. ಅಕ್ಕ ಎರಡು ತಾಸಿಗೊಮ್ಮೆ ಅವನ ಮಗ್ಗಲು ಹೊಳ್ಳಿಸ್ತಿದ್ಲು. ಕಣ್ಣಿಗೆ ಔಷಧ ಬಿಟ್ಟು ಹಸಿ ಹತ್ತಿ ಇಡ್ತಿದ್ಲು, ಬಾಯಿ ಒರಸ್ತಿದ್ಲು, ಹಿಮ್ಮಡಿ ಕೆಳಗ ಬಟ್ಟಿ ಸುತ್ತಿ ಇಡ್ತಿದ್ಲು. ಮುಟ್ಟೂಕಿಂತ ಮೊದಲು ಪ್ರತಿ ಸಲ ಅವನ ಕಿವಿ ಕಡೆ ಬಗ್ಗಿ ಏನೋ ಹೇಳ್ತಿದ್ಲು.

"ಏನ ಹೇಳ್ತಿ ಅಕ್ಕಾ ಅವಗ?" ಅಂತ ಅತ್ತಿ ಮುಂದೇ ಕೇಳಿದೆ.

"ವಿನೋದಾ, ಮಗ್ಗಲು ಹೊಳ್ಳಸ್ತೀನಿ ಅಂತೀನಿ. ವಿನೋದಾ, ಕಫ ತೆಗೀತೀನಿ, ಸ್ವಲ್ಪ ತ್ರಾಸ ಆಗ್ತದ ಅಂತೀನಿ. ನಮಗ ಹಂಗ ಕಲಿಸ್ಯಾರ. ಪೇಶಂಟಿಗೆ ಹೇಳದ ಕೈ ಹಚ್ಚಬಾರದು."

"ಅವಗ ಕೇಳಸ್ತದೇನು?"

"ಕೇಳಿಸಿದ್ರೂ ಹೇಳಬೇಕು, ಕೇಳಿಸದಿದ್ರೂ ಹೇಳಬೇಕು."

ಒಂಬತ್ತನೇ ದಿನ ಮುಂಜಾನಿ ಡ್ಯೂಟಿ ಡಾಕ್ಟರು ಹೊರಗ ಬಂದ್ರು. ಸಣ್ಣ ವಯಸ್ಸು, ಕಣ್ಣು ಕೆಂಪಗಾಗಿದ್ವು. ಟಾರ್ಚು ಕಿಸೇದಾಗ ಇಟ್ಕೋತ, "ಬ್ರೇನ್ ಡೆಡ್ ಆದಂಗೇ ಅದರಿ. ಒಯ್ತೀವಿ ಅಂದ್ರ ಒಯ್ಯಿರಿ, ಇಡ್ತೀವಿ ಅಂದ್ರ ಇಡ್ರಿ," ಅಂದ್ರು. ಇನ್ನೊಂದು ಮಾತು ಕೇಳೂದ್ರಾಗ ಬ್ಯಾರೆ ಕಡೆ ಓಡಿದ್ರು.

ಹಂಗಂದ್ರ ಏನು ಅಂತ ಕೇಳಾಕ ನಮಗಿದ್ದಾಕಿ ಒಬ್ಬಾಕಿ. ಮೆಟ್ಟಿಲ ಹತ್ತಿರ ಐದೂ ಮಂದಿ ನಿಂತಿವಿ. ಅಕ್ಕ ಮಾಸ್ಕ್ ಇಳಿಸಿ ಹೇಳಿದ್ಲು: "ಮಿದುಳು ಸತ್ತದ. ಎದಿ ಬಡಕೊಳ್ಳಾಕತ್ತದ, ಅದು ಮಷಿನ್ ಕೊಡೋ ಗಾಳಿಲೆ. ಮಷಿನ್ ತೆಗದ್ರ ಅದೂ ನಿಲ್ತದ."

"ಖಾತ್ರಿ ಏನಕ್ಕಾ?" ಅಂದೆ.

"ಖಾತ್ರಿ."

ಭಾವ ಎರಡು ದಿನ ನೋಡೂಣು ಅಂದ್ರು. ಅತ್ತಿ ಮೈಮ್ಯಾಲ ಬಂದಂಗ ಮಾಡಿದ್ಲು. "ಇಲ್ಲೇ ಹೆಣ ಮಾಡಿ ಕಳಸ್ತಾರ! ಹೊರಗ ಸತ್ತವರನ್ನ ಹೊಸ್ತಿಲು ದಾಟಿಸಂಗಿಲ್ಲ, ಗೊತ್ತದಿಲ್ಲ ನಿನಗ? ಬೀದ್ಯಾಗ ಮಲಗಿಸಬೇಕೇನು ನನ್ನ ಮಗನ್ನ? ಉಸಿರಿದ್ದಂಗೇ ಒಯ್ಯಿರಿ. ಕಲ್ಲೂರಾಗ, ಅವ ಹುಟ್ಟಿದ ಮನ್ಯಾಗ ಉಸಿರು ಹೋಗ್ಲಿ. ಬಾಯಾಗ ನಾ ನೀರು ಬಿಡಬೇಕು."

ದುಡ್ಡಿಗಂಜಿ ಒಯ್ದ್ರು ಅಂತ ಆಮ್ಯಾಲ ಕೆಲವರು ಅಂದ್ರು. ಸುಳ್ಳು. ಆ ಮುದುಕಿ ಹೊಸ್ತಿಲಿಗಂಜಿ ಒಯ್ದಿವಿ. ನಮ್ಮ ಕಡೆ ಎಲ್ಲಾರೂ ಹಂಗೇ ಒಯ್ತಾರ. ದವಾಖಾನ್ಯವರಿಗೂ ಅದು ರೂಢಿ. ಒಂದು ಕಾಗದ ತಂದ್ರು, ಡಾಕ್ಟರ ಮಾತು ಮೀರಿ ನಾವೇ ಒಯ್ತಾ ಇದ್ದೀವಿ ಅಂತ ಬರದಿತ್ತು. ಒಯ್ಯಿರಿ ಅಂದವರೂ ಅವ್ರೇ, ಮಾತು ಮೀರಿದ್ರು ಅಂತ ಬರದವರೂ ಅವ್ರೇ. ಏನ ಮಂದಿ! ಹೆಂಡ್ತಿ ಸಹಿ ಬೇಕಂದ್ರು. ಮಾಡಿದೆ.

ಮಷಿನ್ ಗಾಡ್ಯಾಗ ಬರಂಗಿಲ್ಲ. ಬಾಯಾಗಿನ ಪೈಪಿಗೆ ಒಂದು ರಬ್ಬರಿನ ಗಾಳಿ ಚೀಲ ಸಿಗಿಸಿ ಕೈಲೆ ಒತ್ತಬೇಕು. ಒತ್ತಿದ್ರ ಎದಿ ಏಳ್ತದ, ಬಿಟ್ರ ಇಳೀತದ. ಅದಕ್ಕ ಬ್ಯಾರೆ ಯಾರನ್ನರ ಕಳಸ್ತೀವಿ ಅಂದ್ರು. ಅಕ್ಕ ಕೇಳಲಿಲ್ಲ, ತಾನೇ ಹತ್ತಿದ್ಲು. "ವಿನೋದಾ, ಗಾಡಿಗೆ ಏರಸ್ತಾರ," ಅಂತ ಆಗೂ ಹೇಳಿದ್ಲು. ರಾಯಚೂರು ದಾಟಿ ಕಲ್ಲೂರು ಮುಟ್ಟೂತನಕ ಒತ್ತಿದ್ಲು. ಗಾಡಿ ತೆಗ್ಗಿನ್ಯಾಗ ಹಾರಿದಾಗ ಒಂದು ಕೈಲೆ ಅವನ ತಲಿ ಹಿಡೀತಿದ್ಲು.

ಮನಿ ಒಳಗ, ಜ್ವಾಳದ ಚೀಲದ ಮಗ್ಗಲಕ್ಕ ಮಲಗಿಸಿದ್ರು. ಅತ್ತಿ ಬಾಯಂಚಿಗೆ ನೀರು ಬಿಟ್ಲು. ಕಾಕಾ, ಚಿಗವ್ವ, ಓಣಿ ಮಂದಿ ಎಲ್ಲಾರೂ ಬಿಟ್ರು. ನಾನೂ ಬಿಟ್ಟೆ. ಆಮ್ಯಾಲ ಯಾರಿಗೂ ಏನ ಮಾಡಬೇಕು ತಿಳೀಲಿಲ್ಲ. ಎಲ್ಲಾರೂ ಅಕ್ಕನ ಕೈ ನೋಡಾಕತ್ತಿದ್ರು. ನಿಲ್ಲಿಸು ಅನ್ನಾಕ ಒಬ್ಬರಿಗೂ ಬಾಯಿಲ್ಲ. ಅಕ್ಕ ಒತ್ತಕೋತೇ ಕುಂತ್ಲು, ಅರ್ಧ ತಾಸು ಮ್ಯಾಲಾತು. ಬೆರಳು ಸೆಟದು ಹೋದ್ವು. ಭಾವ ಸ್ವಲ್ಪ ಹೊತ್ತು ತಾವು ಒತ್ತಿದ್ರು, ಬರಲಿಲ್ಲ, ಹೊಳ್ಳಿ ಆಕೀನೇ ಹಿಡಿದ್ಲು. ಕಡೀಕ ಮಾವ, "ಸಾಕು ಯವ್ವಾ. ಬಿಡು," ಅಂದ.

ಅಕ್ಕ ಕಿವ್ಯಾಗ ಏನೋ ಹೇಳಿ ಚೀಲ ತೆಗದ್ಲು.

ವಿನೋದನ ಗದ್ದ ಮ್ಯಾಲೆದ್ದಿತು. ಕುತಿಗಿ ಒಂದು ಸಲ ಎಳೀತು. ಇನ್ನೇನು ಮುಗೀತು ಅನ್ನೂದ್ರಾಗ ಇನ್ನೊಂದು ಸಲ ಎಳೀತು.

"ಉಸಿರು ತಗೊಂಡ! ಒತ್ತು ಬೇ, ಒತ್ತು!" ಅತ್ತಿ ಚೀರಿದ್ಲು.

"ಅದು ಉಸಿರಲ್ಲ ಅತ್ತಿ. ನರ ಎಳೆಯೋದು," ಅಂದ್ಲು ಅಕ್ಕ. ಕೈ ಮುಂದ ಮಾಡಲಿಲ್ಲ. ಆಮ್ಯಾಲ ಮೂರನೇ ಸಲ ಎಳೀಲಿಲ್ಲ. ಸಂಜೀಕ ಮಣ್ಣು ಮಾಡಿದ್ರು.

ಇದು ಆಗಿದ್ದು. ಇದರ ಮ್ಯಾಲ ಐದು ವಾರ ನಮ್ಮ ಮನ್ಯಾಗ ಜಗಳ ನಡೀತು. ಮಂಡಾಳ ಒಗ್ಗರಣಿ ಮಾಡಿದ್ರ ಜಗಳ, ನಳ ಬಂದ್ರ ಜಗಳ. ಅತ್ತಿ ತನ್ನ ಕೊಡ ಬ್ಯಾರೆ ಇಟ್ಕೊಂಡ್ಲು. ಅಕ್ಕ ಡ್ಯೂಟಿಗೆ ಹೊಂಟ್ರ, "ಹೋಗು, ಇವತ್ತ ಯಾರ ಮನಿ ದೀಪ ಆರಸ್ತಿಯೋ ಆರಸಿ ಬಾ," ಅಂತಿದ್ಲು. ಅಕ್ಕ ಚಪ್ಪಲಿ ಮೆಟ್ಟಿಕೊಂಡು ಹೋಗಿಬಿಡ್ತಿದ್ಲು. ಉತ್ತರ ಕೊಡಾಕ ನಾನಿದ್ದೆ.

"ಸತ್ತವರ ಜೋಡಿ ಯಾರರ ಮಾತಾಡ್ತಾರೇನು?" ಅತ್ತಿ ಒಂದು ದಿನ ಹೊಸ ಸಾಕ್ಷಿ ತಗದ್ಲು. "ಕಿಟಕ್ಯಾಗ ನಾ ಕಣ್ಣಾರೆ ನೋಡೀನಿ. ವಿನೋದಾ ವಿನೋದಾ ಅಂತ ಮಾತಾಡ್ತಿದ್ಲು. ಜೀವ ಅದ ಅಂತ ಆಕಿಗೆ ಗೊತ್ತಿತ್ತು."

"ಅದು ಅವರ ಕೆಲಸದ ಪದ್ಧತಿ ಅತ್ತಿ. ಕಲಿಸಿರ್ತಾರ."

"ಹೆಣಕ್ಕ ಮಗ್ಗಲು ಹೊಳ್ಳಸ್ತೀನಿ ಅಂತ ಹೇಳೂ ಪದ್ಧತಿ ಯಾವ ಸಾಲ್ಯಾಗ ಕಲಿಸ್ತಾರ ಬೇ?"

"ನೀವು ದಿನಾ ಅವನ ಫೋಟೋಕ್ಕ ಚಾ ಇಟ್ಟು ಕುಡಿಯೋ ಅಂತೀರಲ್ಲ, ಅದನ್ನ ಯಾವ ಸಾಲ್ಯಾಗ ಕಲಿಸಿದ್ರು?"

ಅತ್ತಿ ಅಳಾಕ ಹತ್ತಿದ್ಲು. ಮಾವ ನನ್ನ ಕಡೆ ಒಂದು ಸಲ ನೋಡಿ ಮುಖ ತಿರುವಿದ. ನನಗೂ ಕೆಟ್ಟ ಅನಿಸ್ತು, ಆದ್ರ ಬಿಡಲಿಲ್ಲ. ಯಾಕ ಬಿಡಲಿಲ್ಲ ಅಂತ ಈಗ ಹೇಳ್ತೀನಿ. ಅಕ್ಕನ ಮ್ಯಾಲಿನ ಪ್ರೀತಿ ಒಂದೇ ಅಲ್ಲ. ಸಹಿ ಮಾಡಿದಾಕಿ ನಾನು. ಅವ ದವಾಖಾನ್ಯಾಗೇ ಹೋಗಿದ್ದ, ನಾವು ಕಲ್ಲೂರಿಗೆ ಒಯ್ದದ್ದು ಬರೇ ಮೈ, ಅನ್ನೋ ಒಂದು ಮಾತಿನ ಮ್ಯಾಲ ನಾ ಉಣ್ಣಾಕತ್ತಿದ್ದೆ, ಮಲಗಾಕತ್ತಿದ್ದೆ, ಯರಗೇರಾ ಬಸ್ಸು ಹತ್ತಾಕತ್ತಿದ್ದೆ. ಆ ಮಾತು ಸುಳ್ಳಾದ್ರ ಗಂಡನ್ನ ಕೊಂದ ಕಾಗದಕ್ಕ ಹೆಸರು ಬರದಾಕಿ ಆಗ್ತೀನಿ. ಅತ್ತಿ ಬಾಯಿ ಮುಚ್ಚಿಸೂದು ನನಗ ಬೇಕಿತ್ತು.

ಭಾವ ದೇವದುರ್ಗದಾಗ ಮನಿ ನೋಡ್ತೀನಿ, ಹೋಗಿಬಿಡೂಣು ಅಂದ್ರು. ಅಕ್ಕ ಒಲ್ಲೆ ಅಂದ್ಲು. "ನಾ ಓಡಿ ಹೋದ್ರ ತಪ್ಪು ಮಾಡೀನಿ ಅಂತ ಆಗ್ತದ. ನಾ ಏನ ತಪ್ಪು ಮಾಡೀನಿ?" ಅಂತ ಅವತ್ತೊಂದಿನ ಧ್ವನಿ ಎತ್ತಿ ಮಾತಾಡಿದ್ಲು. ಅತ್ತಿ ಆ ಕಡೆ ಕೋಣ್ಯಾಗ ಕೇಳಿಸಿಕೊಂಡು, ಕೇಳಿಸದವರಂಗ ಕೆಮ್ಮಿದ್ಲು.

ಐದನೇ ವಾರದಾಗ ದವಾಖಾನ್ಯಾಗ ನರ್ಸುಗಳಿಗೆ ಎರಡು ದಿನದ ತರಬೇತಿ ಇಟ್ರು. ಬ್ಯಾರೆ ಊರಿಂದ ಒಬ್ಬರು ಮೇಡಂ ಬಂದಿದ್ರಂತ. ಮಿದುಳು ಸತ್ತವರನ್ನ ಹೆಂಗ ಗುರ್ತು ಹಿಡೀಬೇಕು, ಹೆಂಗ ನೋಡಿಕೋಬೇಕು ಅಂತ ವಿಷಯ. ಒಳ್ಳೇದಾತು, ಇನ್ನ ಅತ್ತಿಗೆ ತರಬೇತಿ ಕಾಗದಾನೇ ತೋರಿಸಿ ಉತ್ತರ ಕೊಡಬಹುದು ಅಂತ ನಾ ನಕ್ಕೆ.

ಎರಡನೇ ದಿನ ಹೊಳ್ಳಿ ಬಂದ ಅಕ್ಕ ಉಣ್ಣಲಿಲ್ಲ. ಮನ್ಯಾಗಿನ ಎಲ್ಲಾ ಪಾತ್ರಿ ಹೊರಗ ತಂದು ಹಾಕ್ಕೊಂಡು ತಿಕ್ಕಾಕ ಕುಂತ್ಲು. ತೊಳೆದದ್ದನ್ನೂ ತಿಕ್ಕಿದ್ಲು.

"ತರಬೇತ್ಯಾಗ ಇದನ್ನ ಕಲಿಸಿದ್ರೇನಕ್ಕಾ?" ಅಂತ ಚ್ಯಾಷ್ಟಿ ಮಾಡಿದೆ. ಆಕಿ ಇನ್ನೊಂದು ಪಾತ್ರಿ ಜಗ್ಗಿಕೊಂಡ್ಲು.

ರವಿವಾರ ಮಧ್ಯಾಹ್ನ ಇಬ್ಬರೂ ಮಾಳಿಗಿ ಮ್ಯಾಲ ಜ್ವಾಳ ಹಸನು ಮಾಡಾಕತ್ತಿದ್ದಿವಿ. ಅಕ್ಕ ಸೀರಿ ಉಡಿಯಾಗಿಂದ ನಾಲ್ಕು ಮಡಿಕಿ ಮಾಡಿದ ಕಾಗದ ತಗದು ನನ್ನ ಮುಂದ ಇಟ್ಲು.

"ಏನಿದು?"

"ತರಬೇತಿ ಶುರು ಆಗೂಕಿಂತ ಮೊದಲು ನಮಗ ಏನೇನು ಗೊತ್ತದ ಅಂತ ಪರೀಕ್ಷಾ ಇಟ್ರು. ಇಪ್ಪತ್ತು ಪ್ರಶ್ನಿ. ನಂದು ಎಂಟು ಸರಿ. ಹದಿನಾಲ್ಕನೇದು ಓದು."

ಓದಿದೆ. "ಕಫ ತೆಗೆಯುವಾಗ ರೋಗಿ ಕೆಮ್ಮಿದರೂ ಮೆದುಳು ಸಂಪೂರ್ಣ ಸತ್ತಿದೆ ಎಂದು ಹೇಳಬಹುದು. ಸರಿ, ತಪ್ಪು, ಗೊತ್ತಿಲ್ಲ." ಅಕ್ಕ ಸರಿ ಅನ್ನೂದಕ್ಕ ಗುರ್ತು ಹಾಕಿದ್ಲು. ಅದರ ಮ್ಯಾಲ ಕೆಂಪು ಗೀಟು ಇತ್ತು.

"ತಪ್ಪಾಗ್ಯದ. ಇದಕ್ಯಾಕ ಇಷ್ಟು ಹಚ್ಚಿಕೊಂಡಿ? ಎಲ್ಲಾರದೂ ತಪ್ಪಾಗಿರ್ತದ," ಅಂದೆ.

"ಅವ ಕೆಮ್ಮತಿದ್ದ ಮೇಘಾ."

"ಯಾರು?"

ಕೇಳಬಾರದಿತ್ತು. ಯಾರು ಅಂತ ನನಗ ಗೊತ್ತಾಗಿತ್ತು.

"ಕಫ ಎಳೆಯೋ ಪೈಪು ಒಳಗ ಬಿಟ್ಟಾಗ. ಜೋರಲ್ಲ. ಎದಿ ಒಂದೀಟು ಹಾರತಿತ್ತು, ಮುಖ ಕೆಂಪಾಗ್ತಿತ್ತು. ಒಂಬತ್ತನೇ ದಿನ ಮುಂಜಾನೀನೂ ಕೆಮ್ಮಿದ."

"ಡಾಕ್ಟರಿಗೆ ಹೇಳಲಿಲ್ಲೇನು?"

"ಹೇಳೂವಂಥ ಮಾತು ಅಂತ ಗೊತ್ತಿರಲಿಲ್ಲ. ಕಫ ಎಷ್ಟು ಬಂತು, ಯಾವ ಬಣ್ಣ ಅಂತ ಚಾರ್ಟಿನ್ಯಾಗ ಬರದೆ. ಕೆಮ್ಮಿದ ಅಂತ ಬರೀಲಿಲ್ಲ. ಹನ್ನೊಂದು ವರ್ಷ ಆತು ಮೇಘಾ ನಾ ನರ್ಸಾಗಿ. ಒಬ್ಬರೂ ನನಗಿದನ್ನ ಹೇಳಿದ್ದಿಲ್ಲ. ನಾನೂ ಒಬ್ಬರನ್ನ ಕೇಳಿದ್ದಿಲ್ಲ."

ನನ್ನ ಕೈಯಾಗ ಮೊರ ಹಂಗೇ ಇತ್ತು.

"ಖರೆ ಅಂದ್ರ ನಾಲ್ಕು ಮಂದಿ ಡಾಕ್ಟರು ನೋಡಬೇಕಂತ," ಅಕ್ಕ ಹೇಳಿಕೋತ ಹೋದ್ಲು. "ಕೆಮ್ಮು ನೋಡಬೇಕು, ಕಣ್ಣು ನೋಡಬೇಕು. ಮಷಿನ್ ಬಿಡಿಸಿ ತಾನಾಗಿ ಉಸಿರು ತಗೋತಾನೇನು ಅಂತ ನೋಡಬೇಕು. ಆರು ತಾಸು ಬಿಟ್ಟು ಎಲ್ಲಾ ಹೊಳ್ಳಿ ನೋಡಬೇಕು. ಆಗೂ ಏನೂ ಇಲ್ಲಂದ್ರ ಅದು ಸಾವು. ಅದರಾಗ ಅನುಮಾನ ಇಲ್ಲ. ನಮ್ಮವಗ ಅದ್ಯಾವುದೂ ಮಾಡಲಿಲ್ಲ. ಟಾರ್ಚು ಬಿಟ್ಟು ನೋಡಿದ್ರು. ಆದಂಗೇ ಅದ ಅಂದ್ರು. ನಾ ಆಗ್ಯದ ಅಂತ ನಿಮಗ ಹೇಳಿದೆ."

"ಮತ್ತ ಕಲ್ಲೂರಾಗ? ಚೀಲ ತೆಗದ ಮ್ಯಾಲ ಕುತಿಗಿ ಎಳದದ್ದು?"

"ಕೈಯೋ ಕಾಲೋ ಅಲುಗಿದ್ರ ನರದ್ದು ಇರಬಹುದಂತ. ಅದು..." ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡ್ಲು. "ಅದು ಉಸಿರೇ ಮೇಘಾ. ಅತ್ತಿ ಹೇಳಿದ್ದೇ ಖರೆ."

ಮೊರ ಬೀಸಿ ಒಗದೆ. ಜ್ವಾಳ ಮಾಳಿಗಿ ತುಂಬ ಚೆಲ್ಲಿದ್ವು. "ಬದುಕ್ತಿದ್ದನೇನು? ಅದನ್ನ ಹೇಳು ಮೊದಲು. ಬದುಕ್ತಿದ್ದನೇನು?"

"ಮೇಡಂನ ಕೇಳಿದೆ. ಬ್ಯಾರೆಯವರದು ಅನ್ನೂವಂಗ ಕೇಳಿದೆ. ಅಷ್ಟು ಪೆಟ್ಟಿನ್ಯಾಗ ಬದುಕೂದು ಕಡಿಮಿ ಅಂದ್ರು. ಬದುಕ್ತಿದ್ದ ಅಂತ ಹೇಳಾಕ ಬರಂಗಿಲ್ಲ. ಸತ್ತಿದ್ದ ಅಂತಾನೂ ಹೇಳಾಕ ಬರಂಗಿಲ್ಲ."

"ಮತ್ತ ನನಗ ಯಾಕ ಹೇಳಿದಿ? ನಿನ್ನ ಹೊಟ್ಯಾಗ ಇಟ್ಕೊಂಡು ಸಾಯಾಕ ಆಗ್ತಿದ್ದಿಲ್ಲೇನು?"

ಆಕಿ ಚೆಲ್ಲಿದ ಜ್ವಾಳ ಬಳಿಯಾಕ ಹತ್ತಿದ್ಲು. ನಾ ಆಕಿನ್ನ ಅಲ್ಲೇ ಬಿಟ್ಟು ಕೆಳಗಿಳಿದೆ.

ನಾಲ್ಕು ದಿನ ನಾ ಆಕಿ ಕೂಡ ಮಾತಾಡಲಿಲ್ಲ. ಅತ್ತಿ ಸುಟ್ಟ ರೊಟ್ಟಿ ತಿನ್ನಾಕತ್ತಿದ್ರ ನಾ ತಾಟು ಬಿಟ್ಟು ಏಳತಿದ್ದೆ. ಐದು ವಾರ ಆ ಮುದುಕಿನ್ನ ಸುಳ್ಳಿ ಮಾಡಿದಾಕಿ ನಾನು. ಲೈಬ್ರರ್ಯಾಗ ಪುಸ್ತಕಕ್ಕ ತಪ್ಪು ತಾರೀಖಿನ ಶಿಕ್ಕಾ ಹೊಡದೆ. ಬಸ್ಸಿನ್ಯಾಗ ಯಾರರ ಕೆಮ್ಮಿದ್ರ ಹೊಳ್ಳಿ ಅವರ ಮುಖ ನೋಡತಿದ್ದೆ.

ಬೇಸ್ತವಾರ ಮುಂಜಾನಿ ಭಾವ ಡಬ್ಬಿ ಕಟ್ಟಿಕೊಳ್ಳಾಕತ್ತಿದ್ರು. ಅತ್ತಿ ಮಾವ ಹೊರಗ ಹೋಗಿದ್ರು. "ಅಕ್ಕ ನಿಮಗ ಹೇಳ್ಯಾಳೇನು?" ಅಂತ ಕೇಳಿದೆ.

"ಹೇಳ್ಯಾಳ." ಭಾವ ದನಿ ಸಣ್ಣ ಮಾಡಿದ್ರು. "ಯವ್ವಗ ಗೊತ್ತಾದ್ರ ಈ ಮನಿ ಉಳಿಯಂಗಿಲ್ಲ ಮೇಘಾ. ಇಬ್ಬರೂ ಬಾಯಿ ಮುಚ್ಕೊಂಡಿರ್ರಿ."

"ಆಕಿ ಅನ್ನೂದು ಖರೆ ಇದ್ದಾಗ, ಸುಳ್ಳು ಅಂತ ಎಷ್ಟು ದಿನ ಬಾಯಿ ಬಡೀಲಿ ನಾನು?"

"ಎರಡು ದಿನ ನೋಡೂಣು ಅಂದಿದ್ದೆ ನಾನು! ಅಂದಿದ್ದಿಲ್ಲೇನು? ಯಾರು ಕೇಳಿದ್ರು?" ಡಬ್ಬಿ ಮುಚ್ಚಳ ಕೂಡಲಿಲ್ಲ. ಎರಡು ಸಲ ಒತ್ತಿದ್ರು, ಆಮ್ಯಾಲ ಡಬ್ಬಿ ಅಲ್ಲೇ ಬಿಟ್ಟು ಬಸ್ಸಿಗೆ ಹೋಗಿಬಿಟ್ರು. ಇಷ್ಟು ವರ್ಷದಾಗ ಭಾವ ನನ್ನ ಮ್ಯಾಲ ದನಿ ಏರಿಸಿದ್ದು ಅದೇ ಮೊದಲು.

ಶನಿವಾರ ಸಂಜೀಕ ನಳ ಬಂತು. ಅಂಗಳದಾಗ ಅಕ್ಕ ಕೊಡ ತುಂಬತಿದ್ಲು, ನಾ ಒಳಗ ಒಯ್ದು ಸುರವತಿದ್ದೆ. ಬಾಜೂ ಮನಿ ರಂಜಾನಬಿ ತನ್ನ ಬಕೀಟು ಹಿಡಕೊಂಡು ಬಂದಿದ್ಲು. ಅಕ್ಕ ಅತ್ತಿ ಕೊಡಾನೂ ತುಂಬಿಟ್ಲು. ಅದನ್ನ ನೋಡಿದ್ದೇ ತಡ, ಅತ್ತಿ ಬಂದು ಆ ಕೊಡ ಎತ್ತಿ ಅಂಗಳಕ್ಕ ಸುರವಿದ್ಲು.

"ಅರೇ ಗೋಪಮ್ಮಾ, ನೀರೇನ ಪಾಪ ಮಾಡ್ಯಾವ? ಎಂಟು ದಿನಕ್ಕೊಮ್ಮಿ ಬರ್ತಾವ," ಅಂದ್ಲು ರಂಜಾನಬಿ.

"ಜೀವ ಇದ್ದ ನನ್ನ ಮಗನ್ನ ಕೊಂದಾಳ ಇಕಿ. ಇಕಿ ತುಂಬಿದ ನೀರು ನಾ ಕುಡೀಬೇಕೇನು? ಕೇಳು, ನಿನ್ನ ಮುಂದೇ ಕೇಳು ಇಕಿನ್ನ. ಉಸಿರು ತಗೊಂಡನೋ ಇಲ್ಲೋ?"

ದಿನಾ ಈ ಮಾತಿಗೆ ಮುಂದ ಬೀಳತಿದ್ದಾಕಿ ನಾನು. ಅವತ್ತು ಕೊಡ ಹಿಡಕೊಂಡು ಅಲ್ಲೇ ನಿಂತೆ. ಅತ್ತಿ ನನ್ನ ಉತ್ತರಕ್ಕ ಕಾದು, ನನ್ನ ಕಡೆ ಹೊಳ್ಳಿದ್ಲು. ರಂಜಾನಬಿ ಬಕೀಟು ಎತ್ತಿಕೊಂಡು ಮೆಲ್ಲಕ ಹೋದ್ಲು.

ಅಕ್ಕ ಎದ್ದು ನಿಂತ್ಲು. "ಅತ್ತಿ..." ಅಂದ್ಲು.

"ತಗೊಂಡ ಅತ್ತಿ," ನಾನೇ ಅಂದೆ. "ಕಲ್ಲೂರಾಗ ಅವ ಉಸಿರು ತಗೊಂಡ. ನೀವು ನೋಡಿದ್ದು ಖರೆ. ದವಾಖಾನ್ಯಾಗ ಕೆಮ್ಮಾನೂ ಕೆಮ್ಮತಿದ್ನಂತ. ಅದು ಜೀವದ ಗುರ್ತು ಅಂತ ಅಕ್ಕಗ ಗೊತ್ತಿರಲಿಲ್ಲ. ಮೊನ್ನೆ ತರಬೇತ್ಯಾಗ ಗೊತ್ತಾಗ್ಯದ. ಬದುಕ್ತಿದ್ದ ಅಂತ ಅಲ್ಲ, ಅದು ಯಾರಿಗೂ ಗೊತ್ತಿಲ್ಲ. ಆದ್ರ ನಾವು ಒಯ್ದಾಗ ಅವ ಸತ್ತಿದ್ದಿಲ್ಲ."

ಅತ್ತಿ ಅಕ್ಕನ ಕೂದಲಿಗೆ ಕೈ ಹಾಕ್ತಾಳ ಅಂತ ನಾ ನಡುವ ನಿಂತೆ. ಓಣಿ ಮಂದಿನ್ನೆಲ್ಲಾ ಕೂಡಿಸ್ತಾಳ ಅಂದ್ಕೊಂಡೆ. ಐದು ವಾರ ಈ ಒಂದು ಮಾತಿಗೇ ಬಡಿದಾಡಿದಾಕಿ ಆಕಿ.

ಅತ್ತಿ ಹಸಿ ಅಂಗಳದಾಗ ಕುಂತುಬಿಟ್ಲು. ಕೊಡ ತುಂಬಿ ಹೊರಗ ಹರಿಯಾಕತ್ತಿತ್ತು, ಯಾರೂ ನಳ ತಿರುವಲಿಲ್ಲ.

"ಕಿರಣ ಎರಡು ದಿನ ನೋಡೂಣು ಅಂದಿದ್ದ," ಅಂದ್ಲು. "ನಾ ಬ್ಯಾಡಂದೆ."

"ಅತ್ತೀ, ಏಳ್ರಿ."

"ಬಾಯಾಗ ನೀರು ಬಿಟ್ಟೆನಲ್ಲ ನಾನು. ಜೀವ ಇದ್ದವನ ಬಾಯಾಗ ನೀರು ಬಿಟ್ಟೆ. ಓಣಿ ಮಂದಿನ್ನೆಲ್ಲಾ ಕರದು ಬಿಡಿಸಿದೆ."

"ನಿಮಗೇನ ಗೊತ್ತಿತ್ತು ಅತ್ತಿ? ನಮಗ್ಯಾರಿಗೂ ಗೊತ್ತಿರಲಿಲ್ಲ."

"ಇಲ್ಲ." ಅತ್ತಿ ತಲಿ ಅಲ್ಲಾಡಿಸಿದ್ಲು. "ಇಲ್ಲ, ಸುಳ್ಳು ಹೇಳಾಕತ್ತೀರಿ ಇಬ್ಬರೂ. ನನ್ನ ಬಾಯಿ ಮುಚ್ಚಿಸಾಕ ಹೇಳಾಕತ್ತೀರಿ. ಅವನ ಪಾದ ಮುಟ್ಟಿ ನೋಡೀನಿ ನಾನು, ತಣ್ಣಗಿದ್ವು. ಸತ್ತಿದ್ದ ಅವ. ದವಾಖಾನ್ಯಾಗೇ ಸತ್ತಿದ್ದ."

ಮಾವ ಬಾಗಲದಾಗ ಬಂದು ನಿಂತಿದ್ದ. ಎಷ್ಟು ಕೇಳಿಸಿಕೊಂಡನೋ ಗೊತ್ತಿಲ್ಲ. ಚೌಕಟ್ಟು ಹಿಡಕೊಂಡು ಹಂಗೇ ನಿಂತ.

ಅತ್ತಿ ಅಕ್ಕನ ಸೀರಿ ನಿರಿಗಿ ಹಿಡದು ಜಗ್ಗಿದ್ಲು. ಅಕ್ಕ ಆಕಿ ಮುಂದ ಮೊಣಕಾಲೂರಿ ಕುಂತ್ಲು. "ನೀ ಹೇಳು. ಓದಿದಾಕಿ ನೀನು. ಸತ್ತಿದ್ದ ಅಂತ ಅವತ್ತು ಹೇಳಿದ್ದಿಲ್ಲೇನು? ಈಗೂ ಹಂಗೇ ಅನ್ನು. ಅನ್ನು ಬೇ!" ಅಂತ ಅತ್ತಿ ಅಳಾಕ ಹತ್ತಿದ್ಲು.

ಅಕ್ಕ ನನ್ನ ಕಡೆ ನೋಡಿದ್ಲು. ನನಗ ತಡಕೊಳ್ಳಾಕ ಆಗಲಿಲ್ಲ. "ಸತ್ತಿದ್ದ ಅತ್ತಿ," ಅಂದೆ. "ಆಗಲೇ ಸತ್ತಿದ್ದ. ನಾ ಸಿಟ್ಟಿನ್ಯಾಗ ಏನೋ ಅಂದೆ."

ಅತ್ತಿ ನನ್ನ ಕಡೆ ಹೊಳ್ಳಿಯೂ ನೋಡಲಿಲ್ಲ. "ನೀನಲ್ಲ," ಅಂದ್ಲು. "ಆಕಿ ಅನ್ನಬೇಕು. ನರ್ಸ್ ಆಕಿ."

ಅಕ್ಕ ಅತ್ತಿ ಎರಡೂ ಕೈ ಹಿಡಕೊಂಡು, ಸತ್ತಿದ್ದ ಅಂದ್ಲು. ಒಂದು ಸಲ ಅಂದದ್ದು ಅತ್ತಿಗೆ ಸಾಲಲಿಲ್ಲ. ಆಕಿ ಅಳು ನಿಲ್ಲೂತನಕ ಅಕ್ಕ ಅದನ್ನೇ ಅನ್ನಕೋತ ಕುಂತ್ಲು.